ವಿದ್ಯಾರ್ಥಿವೇತನದ ಒಲೆ

ನಮ್ಮ ಮನೆಗೆ ಯಾರಾದರೂ ಬರುತ್ತಾರೆ ಎಂದು ಗೊತ್ತಾದ ಕೂಡಲೇ ಅವ್ವ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಎದುರುಮನೆಗೆ ಹೋಗುವುದು. ಅಲ್ಲಿಂದ ಕುರ್ಚಿಗಳು ಬರುತ್ತಿದ್ದವು. ಅದರ ಪಕ್ಕದ ಮನೆಯಿಂದ ಸ್ಟೀಲಿನ ತಾಟು, ಮೂಲೆಮನೆಯಿಂದ ಹೂವಿನ ಚಾದರ, ಹಿಂದಿನ ಓಣಿಯಿಂದ ಚಹಾದ ಕಪ್ಪು ಬಸಿ. ಅಕ್ಕನನ್ನು ನೋಡಲು ಇಳಕಲ್ಲಿನವರು ಬಂದಾಗ ನಮ್ಮ ಗೋಡೆಯ ಮೇಲೆ ಟಿಕ್ ಟಿಕ್ ಎನ್ನುತ್ತಿದ್ದ ಗಡಿಯಾರ ಕೂಡ ನಮ್ಮದಲ್ಲ. ಇದರಲ್ಲಿ ಯಾರಿಗೂ ಮೋಸ ಕಾಣುತ್ತಿರಲಿಲ್ಲ. ನಾಳೆ ಎದುರುಮನೆಗೆ ಬೀಗರು ಬಂದರೆ ನಮ್ಮ ತಾಮ್ರದ ಹಂಡೆ ಅಲ್ಲಿಗೆ ಹೋಗುತ್ತಿತ್ತು, ಹೋಗಿ ಹೊಳೆಯುವ ಹಾಗೆ ತಿಕ್ಕಿಸಿಕೊಂಡು ವಾಪಸ್ಸು ಬರುತ್ತಿತ್ತು. ಬಂದವರ ಎದುರಿಗೆ ಹರಕುಮುರುಕು ಇಡುವುದೆಂದರೆ ಬಂದವರನ್ನೇ ಕಡೆಗಣಿಸಿದ ಹಾಗೆ ಎಂಬುದು ಇಡೀ ಓಣಿಯ ನಂಬಿಕೆ.

ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದನ್ನು ಓದಿ ಅವ್ವನ ದಡ್ಡತನಕ್ಕೆ ನೀವು ನಗುತ್ತೀರಿ. ಅವ್ವನಿಗೆ ನಗಬೇಡಿ. ಮುಖಕ್ಕೆ ಉಗಿಯಬೇಕಾದವರು ಬೇರೆ ಇದ್ದಾರೆ.

ನಮ್ಮದು ಹುನಗುಂದ ತಾಲೂಕಿನಲ್ಲಿ ರಾಮಥಾಳದ ಆಚೆಗಿನ ಊರು. ಏತ ನೀರಾವರಿಯ ಪೈಪು ಬಂದ ಮೇಲೆ ಹೊಲ ಇದ್ದವರು ಒಂದಿಷ್ಟು ಸುಧಾರಿಸಿಕೊಂಡರು. ನಮಗೆ ಹೊಲವೇ ಇರಲಿಲ್ಲ. ಅಪ್ಪ ಬೇರೆಯವರ ಕುರಿಗಳನ್ನು ಪಾಲಿಗೆ ಕಾಯುತ್ತಿದ್ದ. ಹಣೆಗೆ ಬೀರಪ್ಪ ದೇವರ ಅರಿಶಿನದ ಭಂಡಾರ, ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಮಾತು ಕಡಿಮೆ. ಅವ್ವ ಕೂಲಿಗೆ ಹೋಗುತ್ತಿದ್ದಳು. ನಾನು ಓದುವುದರಲ್ಲಿ ಜಾಣೆ ಇದ್ದೆ, ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕು ಬಂತು, ಸರ್ಕಾರಿ ಕೋಟಾದಲ್ಲಿ ವೈದ್ಯಕೀಯ ಸೀಟು ಸಿಕ್ಕಿತು. ಊರಿಗೆ ಊರೇ ಪೇಢೆ ತಿಂದಿತು. ನಾನು ಬಾಗಲಕೋಟೆಯ ಹಾಸ್ಟೆಲ್ಲಿಗೆ ಟ್ರಂಕು ಹೊತ್ತುಕೊಂಡು ಹೋದೆ.

ಸೀಟು ಸಿಗುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ ಎಂದು ಮೊದಲ ವರ್ಷದ ಅರ್ಧಕ್ಕೇ ತಿಳಿಯಿತು. ಶುಲ್ಕ, ಹಾಸ್ಟೆಲ್ಲು, ಮೆಸ್ಸು, ಎತ್ತಿದರೆ ಕೈನೋಯುವಷ್ಟು ದಪ್ಪ ಪುಸ್ತಕಗಳು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ವೆಬ್‌ಸೈಟು ತೆರೆದರೆ ಪರಿಶೀಲನೆಯಲ್ಲಿದೆ ಎನ್ನುತ್ತಿತ್ತು. ಮಳೆಗಾಲದಲ್ಲೂ ಪರಿಶೀಲನೆಯಲ್ಲಿತ್ತು, ಸುಗ್ಗಿಯಲ್ಲೂ ಪರಿಶೀಲನೆಯಲ್ಲಿತ್ತು. ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಆಗಿಲ್ಲ ಎಂದರು. ಆಧಾರ್ ಕೇಂದ್ರದಲ್ಲಿ ಸರ್ವರ್ ಇಲ್ಲ ಎಂದರು. ತಾಲೂಕು ಕಚೇರಿಯಲ್ಲಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದರು. ಹೊಸದು ಮಾಡಿಸಿ ತರುವಷ್ಟರಲ್ಲಿ ಅರ್ಜಿಯ ಅವಧಿಯೇ ಮುಗಿದಿತ್ತು. ಒಬ್ಬರೂ ಕೊಡುವುದಿಲ್ಲ ಎನ್ನಲಿಲ್ಲ, ಒಬ್ಬರೂ ಕೊಡಲಿಲ್ಲ. ಬಾಕಿ ಕಟ್ಟದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಕಾಲೇಜಿನಿಂದ ಹೇಳಿಕಳಿಸಿದರು. ಪರೀಕ್ಷೆಗೆ ಕೂಡದಿದ್ದರೆ ವರ್ಷ ಹೋಗುತ್ತದೆ, ವರ್ಷ ಹೋದರೆ ಸೀಟೂ ಹೋದ ಹಾಗೆಯೇ. ಊರಿಗೆ ವಾಪಸ್ಸು ಹೋಗಿ ಪೇಢೆ ತಿಂದವರ ಮುಂದೆ ನಿಲ್ಲುವುದನ್ನು ನೆನೆದು ಹಾಸ್ಟೆಲ್ಲಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತಿದ್ದೆ.

ಆಗ ಯಾರೋ ಹೇಳಿದರು, ಬಾಗಲಕೋಟೆಯಲ್ಲಿ ಒಂದು ದತ್ತಿ ಸಂಸ್ಥೆ ಇದೆ, ಬಡ ವೈದ್ಯಕೀಯ ವಿದ್ಯಾರ್ಥಿಗಳಿಗೆ ಓದು ಮುಗಿಯುವತನಕ ಸಹಾಯ ಮಾಡುತ್ತದೆ ಎಂದು. ಅಲ್ಲಿಯ ದೊಡ್ಡ ಬಟ್ಟೆ ವ್ಯಾಪಾರಸ್ಥರೊಬ್ಬರು ಅದರ ಅಧ್ಯಕ್ಷರು. ನಿಯಮ ಒಂದೇ. ಅಧ್ಯಕ್ಷರು ತಮ್ಮ ಕಾರ್ಯದರ್ಶಿಯನ್ನು ಕರೆದುಕೊಂಡು ವಿದ್ಯಾರ್ಥಿಯ ಮನೆಗೆ ಬಂದು ಕಣ್ಣಾರೆ ನೋಡುತ್ತಾರೆ. ನೋಡಿ ಮನಸ್ಸಿಗೆ ಬಂದರೆ ಕೊಡುತ್ತಾರೆ. ಕೊಟ್ಟ ಮೇಲೂ ವರ್ಷಕ್ಕೊಮ್ಮೆ ಹೇಳದೆ ಕೇಳದೆ ಬಂದು ನೋಡುತ್ತಾರೆ.

ನಾನು ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ನಿನ್ನ ಓದಿಗೆ ರೊಕ್ಕಾ ಕೊಡೋರು ಮನಿ ನೋಡಾಕ ಬರ್ತಾರ?" ಅವ್ವನ ದನಿ ಏರಿತು. "ಬರ್ಲಿ ಬರ್ಲಿ. ನೀ ಏನೂ ಚಿಂತಿ ಮಾಡಬ್ಯಾಡ. ನಾ ಎಲ್ಲಾ ನೋಡ್ಕೋತೇನಿ."

ಅವಳು ಎಲ್ಲವನ್ನೂ ನೋಡಿಕೊಂಡಳು. ನಾನು ಅವತ್ತು ಬೆಳಿಗ್ಗೆ ಬಸ್ಸಿಳಿದು ಮನೆ ಹೊಕ್ಕಾಗ ಬೇರೆಯವರ ಮನೆಗೆ ಬಂದೆನೇನೋ ಅನ್ನಿಸಿತು. ಪಡಸಾಲೆಯಲ್ಲಿ ಎದುರುಮನೆ ಚಿಗವ್ವನ ಸೋಫಾ. ಕಿಟಕಿಗೆ ಪರದೆ. ಗೋಡೆಯ ಮಾಡದಲ್ಲಿ ಯಾರದೋ ಮನೆಯ ಗಾಜಿನ ಹೂದಾನಿ. ಅವ್ವ ಚಿಗವ್ವನ ಟೋಪ್ ತೆನೆ ರೇಷ್ಮೆ ಸೆರಗಿನ ಇಳಕಲ್ ಸೀರೆ ಉಟ್ಟು ಓಡಾಡುತ್ತಿದ್ದಳು. ಅಪ್ಪನಿಗೆ ಹೊಸ ರುಮಾಲು. ಅಡುಗೆಮನೆಯಲ್ಲಿ ನಮ್ಮ ಗ್ಯಾಸ್ ಒಲೆಯ ಮೇಲೆ ಕಡಲೆಬೇಳೆ ಬೇಯುತ್ತಿತ್ತು. ಕಣ್ಣಿಗೆ ಬೀಳುವಂಥದ್ದರಲ್ಲಿ ಆ ಒಲೆಯೊಂದು ಮಾತ್ರ ನಮ್ಮದು. ಬಡವರ ಮನೆಗೆಂದೇ ಸರ್ಕಾರ ಪುಕ್ಕಟೆ ಕೊಟ್ಟದ್ದು. ಅದು ಬಂದ ಮೇಲೆ ಅವ್ವನ ಹಳೆಯ ಕೆಮ್ಮು ನಿಂತಿತ್ತು, ಆ ಖುಷಿಗೆ ಅವಳು ಅದಕ್ಕೆ ದಿನಾ ಕುಂಕುಮ ಹಚ್ಚುತ್ತಿದ್ದಳು.

"ಅವ್ವಾ, ಅವರು ನಾವು ಬಡವ್ರು ಹೌದೋ ಅಲ್ಲೋ ನೋಡಾಕ ಬರಾಕತ್ತಾರ," ಎಂದೆ.

"ಗೊತ್ತೈತಿ. ಬಡವ್ರು ಇದ್ರೇನಾತು? ಮನಿಗೆ ಬಂದೋರಿಗೆ ಹೊಟ್ಟಿ ತುಂಬ ಊಟಕ್ಕ ಹಾಕದಷ್ಟು ಬಡವ್ರೇನು ನಾವು?"

ಕಾರು ಬಂತು. ಅಪ್ಪ ಬಾಗಿಲಲ್ಲಿ ಕಂಬಳಿ ಹಾಸಿ, ಬೀರಪ್ಪನ ಭಂಡಾರ ಹಚ್ಚಿ ಒಳಗೆ ಕರೆದ. ಅಧ್ಯಕ್ಷರು ಸೋಫಾದಲ್ಲಿ ಕೂತರು, ಕಾರ್ಯದರ್ಶಿ ಮಗ್ಗುಲಿಗೆ ಕೂತ. ಹೋಳಿಗೆ ಬಂತು, ತುಪ್ಪ ಬಂತು, ಬದನೆಕಾಯಿ ಎಣ್ಣೆಗಾಯಿ, ಕಟಕ ರೊಟ್ಟಿ, ಅಮೀನಗಡದಿಂದ ತರಿಸಿದ ಕರದಂಟು. ಅಧ್ಯಕ್ಷರು ಬೇಡ ಬೇಡ ಎನ್ನುತ್ತಲೇ ಎಲ್ಲವನ್ನೂ ಹಾಕಿಸಿಕೊಂಡರು. ಕಾರ್ಯದರ್ಶಿ ತುಪ್ಪವನ್ನು ಬೆರಳಿನಿಂದ ಬಳಿದು ತಿಂದ. ಉಂಡು ತೇಗಿ, ಎಲೆ ಅಡಕೆ ಹಾಕಿಕೊಂಡು ಅಡುಗೆಮನೆಗೆ ಇಣುಕಿದರು. ಗ್ಯಾಸ್ ಒಲೆ ನೋಡಿದರು. "ಭಾಳ ಸಂಸ್ಕಾರವಂತ ಮನಿ ನೋಡ್ರಿ," ಎಂದು ಅಧ್ಯಕ್ಷರು ಹೊಗಳಿ ಹೋದರು. ಕಾರಿನ ಧೂಳು ಇಳಿಯುವ ಮೊದಲೇ ಅವ್ವ ಚಿಗವ್ವನನ್ನು ಕೂಗಿ, "ಆತಲೇ ನಮ್ಮವ್ವಾ, ಕೆಲಸ ಆತು," ಎಂದಳು.

ಕೆಲಸ ಕೆಟ್ಟಿತ್ತು. ಅನುಕೂಲಸ್ಥ ಕುಟುಂಬ, ಸಹಾಯದ ಅಗತ್ಯ ಕಂಡುಬಂದಿಲ್ಲ ಎಂದು ಮುಂದಿನ ವಾರ ನನಗೆ ಫೋನು ಬಂತು.

ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇವತ್ತಿಗೂ ಇಲ್ಲ. ಸಿಟ್ಟು ಬಂದದ್ದು ಆ ಬೆರಳಿನ ಮೇಲೆ. ನಮ್ಮ ತಾಟಿನ ತುಪ್ಪ ಬಳಿದು ತಿಂದ ಬೆರಳೇ ಅಲ್ಲವೇ ಅನುಕೂಲಸ್ಥರು ಎಂದು ಬರೆದದ್ದು. ಇವರೂ ಇದೇ ಸೀಮೆಯ ಮಣ್ಣಿನಲ್ಲಿ ಹುಟ್ಟಿದವರು. ಮನೆಗೆ ಬಂದವರಿಗೆ ಕುರ್ಚಿ ಎಲ್ಲಿಂದ ಬರುತ್ತದೆ, ತುಪ್ಪ ಎಲ್ಲಿಂದ ಬರುತ್ತದೆ ಎಂದು ಇವರ ಅಜ್ಜಿ ಮುತ್ತಜ್ಜಿಯರಿಗೆ ಗೊತ್ತಿತ್ತು, ಇವರಿಗೂ ಗೊತ್ತಿರಲೇಬೇಕು. ನಾಲ್ಕು ಕಾಸು ಕೈಗೆ ಬಂದ ಮೇಲೆ ಅದೆಲ್ಲ ಮರೆತುಹೋಗುತ್ತದೆಯೇ, ಅಥವಾ ಮರೆತಂತೆ ಮಾಡುತ್ತಾರೆಯೇ? ಉಂಡ ಮನೆಯನ್ನು ಉಂಡದ್ದಕ್ಕಾಗಿಯೇ ಫೇಲು ಮಾಡಿದರು. ಹೇಸಿಗೆ ಎಂಬ ಮಾತು ನನಗೆ ಆವತ್ತು ಬಾಯಲ್ಲಿ ರುಚಿಯ ಹಾಗೆ ಸಿಕ್ಕಿತು.

ನವನಗರದಲ್ಲಿದ್ದ ಅವರ ಆಫೀಸಿಗೆ ಹೋದೆ. ಕಾರ್ಯದರ್ಶಿ ಒಬ್ಬನೇ ಕೂತಿದ್ದ. ನಾನು ಪಡಿತರ ಚೀಟಿ ತೋರಿಸಿದೆ, ಆದಾಯ ಪ್ರಮಾಣಪತ್ರ ತೋರಿಸಿದೆ, ಸೋಫಾ ನಮ್ಮದಲ್ಲ ಎಂದೆ, ಪರದೆ ನಮ್ಮದಲ್ಲ ಎಂದೆ, ಸೀರೆ ಕೂಡ ನಮ್ಮದಲ್ಲ ಎಂದೆ. ಅವ್ವ ಉಟ್ಟ ಸೀರೆ ಅವ್ವನದಲ್ಲ ಎಂದು ಪರಪುರುಷನ ಮುಂದೆ ಹೇಳಬೇಕಾಯಿತು.

ಅವನು ನಕ್ಕ. ಕೆಟ್ಟ ನಗೆಯಲ್ಲ, ಸಲಿಗೆಯ ನಗೆ. ಅದಕ್ಕೇ ಇನ್ನೂ ಹೇಸಿಗೆ.

"ಎಲ್ಲಾ ಗೊತ್ತೈತೆವ್ವಾ. ಅಲ್ಲಾ, ನಿಮ್ಮವ್ವಗ ಹೋಳಿಗಿ ಮಾಡಂತ ಹೇಳಿದವ್ರ ಯಾರು? ಹೆಣ್ಣ ನೋಡಾಕ ಬಂದಿದ್ವೇನು ನಾವು?"

"ನಿಮಗ ಗೊತ್ತಿದ್ರ ಅನುಕೂಲಸ್ಥರು ಅಂತ ಯಾಕ ಬರದ್ರಿ?"

"ಕಣ್ಣಿಗೆ ಕಂಡದ್ದು ಬರದೇವಿ. ನಾಳೆ ದಾನಾ ಕೊಟ್ಟವ್ರು ಕೇಳ್ತಾರ, ಫೋಟೋ ತೋರಸ್ರಿ ಅಂತಾರ. ಸೋಫಾದ ಮ್ಯಾಲ ಕುಂತು ಹೋಳಿಗಿ ತಿನ್ನೂ ಫೋಟೋ ತೋರಸ್ಲೇನು?" ಆಮೇಲೆ ದನಿ ತಗ್ಗಿಸಿ, ತನ್ನ ಮಗಳಿಗೆ ಹೇಳುವಂತೆ ಹೇಳಿದ. "ಇನ್ನೊಂದ್ ಸಲ ಬರೂಹಂಗ ಮಾಡ್ತೇನಿ. ಎಲ್ಲಾ ತಗಸ್ರಿ. ಆ ಗ್ಯಾಸ್ ಮೊದಲ ಹೊರಗ ಹಾಕ್ರಿ, ಅಧ್ಯಕ್ಷರ ಕಣ್ಣಿಗೆ ಬಿದ್ದದ್ದ ಅದು. ಕಟ್ಟಿಗಿ ಒಲಿ ಹಚ್ರಿ. ಅವ್ವಾರು ಹರದ ಸೀರಿ ಉಡ್ಲಿ. ಚಾನೂ ಕೊಡಬ್ಯಾಡ್ರಿ."

ಬಡವರಿಗೆಂದು ಸರ್ಕಾರ ಕೊಟ್ಟ ಒಲೆ ನಮ್ಮನ್ನು ಶ್ರೀಮಂತರನ್ನಾಗಿ ಮಾಡಿತ್ತು. ನಾನು ಅವನಿಗೆ ಕೈ ಮುಗಿದು ಬಂದೆ. ಬೇರೆ ದಾರಿ ಇದ್ದವರು ಕೈ ಮುಗಿಯದಿದ್ದರೆ ನಡೆಯುತ್ತದೆ. ನನಗೆ ಪರೀಕ್ಷೆ ಹತ್ತಿರ ಬಂದಿತ್ತು.

ಅವ್ವ ಮೊದಲು ಒಪ್ಪಲೇ ಇಲ್ಲ. ಹರಿದ ಸೀರೆಗೆ ಒಪ್ಪಿದಳು, ಕಟ್ಟಿಗೆ ಒಲೆಗೆ ಒಪ್ಪಿದಳು, ಚಹಾದ ಮಾತು ಬಂದಾಗ ಮುಖ ಗಂಟಿಕ್ಕಿದಳು. "ಹೊಸ್ತಲಾ ದಾಟಿ ಬಂದವ್ರಿಗೆ ಒಂದು ಕಪ್ಪ ಚಾ ಕೊಡಬ್ಯಾಡ ಅಂದ್ರ, ಇದು ಮನಿಯೇನ ಬಸ್ ಸ್ಟ್ಯಾಂಡೇನ?" ನಾನು ಪರೀಕ್ಷೆಯ ಮಾತು ಎತ್ತಿದೆ. ಅವಳು ಅದಕ್ಕೂ ಒಪ್ಪಿದಳು. ಅಪ್ಪ ಮಾತ್ರ ಒಂದು ಮಾತಿಗೆ ಜಗ್ಗಲಿಲ್ಲ. "ಕಂಬಳಿ ಹಾಸೂದು ಬಿಡಾಂಗಿಲ್ಲ. ಅದು ಬೀರಪ್ಪನ ಗದ್ದಿಗಿ," ಎಂದ. ಆಯಿತು ಎಂದೆ.

ಈ ಸಲ ಸಾಮಾನು ಉಲ್ಟಾ ದಿಕ್ಕಿಗೆ ಹೋದವು. ನಮ್ಮ ಹಂಡೆ, ನಮ್ಮ ನಾಲ್ಕು ಒಳ್ಳೆಯ ತಾಟು, ಅಕ್ಕ ಕೊಡಿಸಿದ್ದ ಟೇಬಲ್ ಫ್ಯಾನು, ಕೊನೆಗೆ ಕುಂಕುಮ ಹಚ್ಚಿದ ಗ್ಯಾಸ್ ಒಲೆ, ಸಿಲಿಂಡರು, ಎಲ್ಲವನ್ನೂ ಚಿಗವ್ವನ ಮನೆಗೆ ಹೊತ್ತೆವು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ತಂದುಕೊಡುವಾಗ ಇದ್ದ ಸಂಭ್ರಮ ಈಗ ಒಬ್ಬರ ಮುಖದಲ್ಲೂ ಇರಲಿಲ್ಲ. ಹೆಣ ಹೋದ ಮನೆಯಿಂದ ಸಾಮಾನು ತೆಗೆಯುವಂತೆ ಸದ್ದಿಲ್ಲದೆ ಕೈಜೋಡಿಸಿದರು. ಚಿಗವ್ವ ಒಬ್ಬಳೇ ಬಾಯಿಬಿಟ್ಟಳು. "ಇದೆಂಥಾ ದಾನಲೇ ಯವ್ವಾ, ಕೊಡೂಕಿಂತ ಮೊದಲ ಬಿಚ್ಚಸ್ತಾರ."

ಬಂದರು. ಕಂಬಳಿಯ ಮೇಲೆ ಕೂತರು. ಅಪ್ಪನ ರುಮಾಲು ಹಳೆಯದಾಗಿತ್ತು, ಗಡ್ಡ ಬೆಳೆದಿತ್ತು. ಅಧ್ಯಕ್ಷರು ಬರಿಗೋಡೆಯನ್ನು ಒಮ್ಮೆ ನೋಡಿ, "ಈಗ ಬರಾಬರಿ ಆತು ನೋಡ್ರಿ," ಎಂದು ಕಾರ್ಯದರ್ಶಿಗೆ ಹೇಳಿದರು. ನಾನೇ ಕಿವಿಯಾರೆ ಕೇಳಿದೆ. ಹೋದ ತಿಂಗಳು ಇದೇ ಮನೆಯಲ್ಲಿ ಸೋಫಾದ ಮೇಲೆ ಕೂತವರು ಆ ಸೋಫಾ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಅವರಿಗೆ ನಮ್ಮ ಬಡತನ ಬೇಕಾಗಿರಲಿಲ್ಲ, ಅದರ ನಾಟಕ ಬೇಕಾಗಿತ್ತು. ನಾಟಕ ಸರಿಯಾಗಿ ಆಡಿದವರಿಗೆ ಬಹುಮಾನ.

ಕಾರ್ಯದರ್ಶಿ ಮೊಬೈಲು ಹಿಡಿದು ಅಡುಗೆಮನೆಗೆ ಬಂದ. ಅವ್ವ ಕಟ್ಟಿಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬೆಂಕಿ ಚೆನ್ನಾಗಿ ಹತ್ತಿ ಉರಿಯುತ್ತಿತ್ತು.

"ಹಿಂಗ ಬ್ಯಾಡ್ರಿ ಅವ್ವಾರ. ಹಸಿ ಕಟ್ಟಿಗಿ ಒಂದೆರಡು ಹಾಕ್ರಿ. ಸ್ವಲ್ಪ ಊದ್ರಿ, ಹೊಗಿ ಬರ್ಲಿ."

ಅವ್ವ ಊದುಗೊಳವೆ ಹಿಡಿದು ಊದಿದಳು. ಹೊಗೆ ಬಂತು. ಕಣ್ಣಲ್ಲಿ ನೀರು ಬಂತು. ನೀರು ಬಂದದ್ದನ್ನು ನೋಡಿ ಅವನು ಇನ್ನಷ್ಟು ಹತ್ತಿರ ಹೋದ. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮೊಬೈಲನ್ನು ಕಸಿದು ಒಲೆಗೆ ಹಾಕಬೇಕೆಂದು ಕೈ ತುರಿಸಿತು. ಹಾಕಿದ್ದರೆ ನಾನು ಇವತ್ತು ಡಾಕ್ಟರ್ ಆಗಿರುತ್ತಿರಲಿಲ್ಲ, ಅಷ್ಟೇ.

ಸಹಾಯ ಮಂಜೂರಾಯಿತು. ಶುಲ್ಕ ಕಟ್ಟಿದರು, ಹಾಸ್ಟೆಲ್ಲಿನದು ಕಟ್ಟಿದರು, ನಾನು ಪರೀಕ್ಷೆ ಬರೆದೆ. ಇದನ್ನೂ ಹೇಳಲೇಬೇಕು. ಅವರು ಕೊಡುತ್ತೇನೆಂದದ್ದನ್ನು ಕೊಟ್ಟರು, ಒಂದು ದಿನವೂ ತಡಮಾಡಲಿಲ್ಲ. ಸರ್ಕಾರದ ಅರ್ಜಿ ವೆಬ್‌ಸೈಟಿನಲ್ಲಿ ಇನ್ನೂ ಪರಿಶೀಲನೆಯಲ್ಲೇ ಇತ್ತು.

ಆಮೇಲೆ ಒಂದು ಸಮಾರಂಭ. ಬಾಗಲಕೋಟೆಯ ದೊಡ್ಡ ಹಾಲು, ಹೂವಿನ ವೇದಿಕೆ, ಅಧ್ಯಕ್ಷರ ಆಳೆತ್ತರದ ಫ್ಲೆಕ್ಸು. ಪಾಲಕರು ಕಡ್ಡಾಯವಾಗಿ ಬರಬೇಕು ಎಂದಿದ್ದರು. ಅವ್ವನಿಗೆ ಇದು ನನ್ನ ಮದುವೆಯಷ್ಟೇ ದೊಡ್ಡ ದಿನ. ಈ ಸಲ ಯಾರಿಂದಲೂ ತರಲಿಲ್ಲ. ಟ್ರಂಕಿನ ತಳದಲ್ಲಿದ್ದ ತನ್ನ ಮದುವೆಯ ಇಳಕಲ್ ಸೀರೆ ತೆಗೆದು ಉಟ್ಟಳು. ಸಮಾರಂಭಕ್ಕೆ ಏನು ಉಡಬೇಕೆಂದು ಕಾರ್ಯದರ್ಶಿ ಹೇಳಿರಲಿಲ್ಲ, ನಮಗೂ ಹೊಳೆಯಲಿಲ್ಲ.

ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದರು. ಕರೆದಾಗ ಹಿಂದಿನ ಪರದೆಯ ಮೇಲೆ ಅವರವರ ಮನೆಯ ಫೋಟೋ. ನನ್ನ ಸರದಿಗೆ ಅವ್ವ ಬಂದಳು. ಗೋಡೆಯಷ್ಟು ದೊಡ್ಡ ಅವ್ವ, ಹೆಗಲಲ್ಲಿ ಹರಿದ ಸೀರೆ, ಹೊಗೆ, ಕಣ್ಣೀರು. ಮೈಕಿನವನು ದನಿ ನಡುಗಿಸಿ ಇಂಥ ಗುಡಿಸಲಿನಲ್ಲಿ ಅರಳಿದ ಹೂವು ಎಂದೇನೋ ಹೇಳಿದ. ಜನ ಚಪ್ಪಾಳೆ ತಟ್ಟಿದರು. ನಾನು ಅಧ್ಯಕ್ಷರ ಕಾಲು ಮುಟ್ಟಿದೆ, ಅವರೇ ಬರೆದುಕೊಟ್ಟಿದ್ದ ಕೃತಜ್ಞತೆಯ ಮಾತು ಓದಿದೆ. ವೇದಿಕೆಯಿಂದ ಅವ್ವ ಕೂತಿದ್ದ ಸಾಲು ಕಾಣುತ್ತಿತ್ತು. ಅವಳ ಹಿಂದಿನ ಹೆಂಗಸರು ಪರದೆಯನ್ನೊಮ್ಮೆ, ಅವ್ವನ ಸೀರೆಯನ್ನೊಮ್ಮೆ ನೋಡಿ ಪಿಸುಗುಟ್ಟುತ್ತಿದ್ದರು. ಅವ್ವ ಸೆರಗನ್ನು ಮಡಚಿ ಮಡಚಿ ತೊಡೆಯ ಕೆಳಗೆ ಒತ್ತಿಕೊಂಡಳು, ರೇಷ್ಮೆ ಯಾರಿಗೂ ಕಾಣದ ಹಾಗೆ.

ಹುನಗುಂದದ ಬಸ್ಸಿನಲ್ಲಿ ಅವಳು ಒಂದೇ ಒಂದು ಕೇಳಿದಳು. "ಅಷ್ಟ ದೊಡ್ಡದು ಯಾಕ ಮಾಡಿದ್ರವ್ವಾ ಫೋಟೋ?"

ಆ ಮದುವೆಯ ಸೀರೆಯನ್ನು ಅವಳು ಆಮೇಲೆ ಉಟ್ಟದ್ದನ್ನು ನಾನು ಕಂಡಿಲ್ಲ.

ಗ್ಯಾಸ್ ಒಲೆ ವಾಪಸ್ಸು ಬರಲಿಲ್ಲ. ಅವರು ಯಾವಾಗ ಬರುತ್ತಾರೋ ಗೊತ್ತಿಲ್ಲವಲ್ಲ. ಹೇಳದೆ ಬರುವುದೇ ಅವರ ಪದ್ಧತಿ, ಅದರಲ್ಲೇ ಅವರಿಗೆ ಹೆಮ್ಮೆ. ಕಾರಿನ ಸದ್ದು ಕೇಳಿದ ಮೇಲೆ ಸಿಲಿಂಡರು ಹೊತ್ತುಕೊಂಡು ಓಡಲು ಆಗುತ್ತದೆಯೇ? ಹಾಗಾಗಿ ಒಲೆ ಚಿಗವ್ವನ ಮನೆಯಲ್ಲೇ ಉಳಿಯಿತು, ಅವ್ವ ಕಟ್ಟಿಗೆಗೆ ಮರಳಿದಳು. ಅಧ್ಯಕ್ಷರು ಪ್ರತಿ ಶನಿವಾರ ತುಳಸಿಗೇರಿ ಹನಮಪ್ಪನ ಗುಡಿಗೆ ಹೋಗುತ್ತಾರೆ, ಅವತ್ತು ಎಲ್ಲಿಗೂ ಬರುವುದಿಲ್ಲ ಎಂದು ಅವಳು ಯಾರಿಂದಲೋ ತಿಳಿದುಕೊಂಡಿದ್ದಳು. ಶನಿವಾರ ಮಾತ್ರ ಚಿಗವ್ವನ ಮನೆಗೆ ಹೋಗಿ, ತನ್ನದೇ ಒಲೆಯ ಮೇಲೆ ರೊಟ್ಟಿ ಬಡಿದುಕೊಂಡು ಬರುತ್ತಿದ್ದಳು. ಇದನ್ನು ನನಗೆ ಫೋನಿನಲ್ಲಿ ದೊಡ್ಡ ಉಪಾಯ ಮಾಡಿದವಳಂತೆ ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಗುವಿನ ನಡುವೆ ಅವಳು ಕೆಮ್ಮುತ್ತಿದ್ದಳು.

ಓದಿನ ಕೊನೆಕೊನೆಗೆ ನಮ್ಮನ್ನು ಎದೆರೋಗದ ವಿಭಾಗಕ್ಕೆ ಹಾಕಿದರು. ಬಾದಾಮಿ ಕಡೆಯಿಂದ, ಚೊಳಚಗುಡ್ಡದಿಂದ, ಹುನಗುಂದದ ಹಳ್ಳಿಗಳಿಂದ ಹೆಂಗಸರು ಬರುತ್ತಿದ್ದರು. ಒಬ್ಬರೂ ಬೀಡಿ ಸೇದಿದವರಲ್ಲ. ಎರಡು ಮಾತಾಡಿದರೆ ಉಬ್ಬಸ, ಹತ್ತು ಮೆಟ್ಟಿಲು ಹತ್ತಲಾರರು. ಪ್ರಾಧ್ಯಾಪಕರು ನಮಗೆ ಕಲಿಸಿದ ಮೊದಲ ಪ್ರಶ್ನೆ, ಅಡುಗೆ ಯಾವುದರ ಮೇಲೆ ಮಾಡುತ್ತೀರಿ ಎಂದು ಕೇಳಿ. ನಾನು ಕೇಳುತ್ತಿದ್ದೆ. "ಕಟ್ಟಿಗಿ ಒಲಿ ರೀ ಬಾಯಾರ," ಎನ್ನುತ್ತಿದ್ದರು. ಒಬ್ಬಾಕೆಗೆ ನಾನು ಗ್ಯಾಸ್ ಯಾಕೆ ತೆಗೆದುಕೊಂಡಿಲ್ಲ, ಸರ್ಕಾರ ಪುಕ್ಕಟೆ ಕೊಡುತ್ತದಲ್ಲ ಎಂದು ಗದರಿಸುವ ದನಿಯಲ್ಲಿ ಕೇಳಿಬಿಟ್ಟೆ. ಕೇಳಿದ ಮೇಲೆ ಸ್ಟೆತಸ್ಕೋಪು ಮಡಚಿಕೊಂಡು ಹೊರಗೆ ಹೋಗಿ ನಿಂತೆ.

ಆ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಬೆನ್ನಿಗೆ ಸ್ಟೆತಸ್ಕೋಪು ಇಟ್ಟೆ. "ಥೂ, ಕಚಗುಳಿ," ಎಂದು ಅವಳು ನಕ್ಕಳು. ವಾರ್ಡಿನಲ್ಲಿ ಕೇಳಿದ ಅದೇ ಸದ್ದು, ಅದೇ ಎಳೆದು ಎಳೆದು ಬಿಡುವ ಉಸಿರು. ಅವತ್ತೇ ಒಲೆ ತರುತ್ತೇನೆಂದು ಚಿಗವ್ವನ ಮನೆಗೆ ಹೊರಟೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಇನ್ನ ಕಡೀ ವರ್ಷ ಉಳದೈತಿ. ಮುಗೀಲಿ. ಆಮ್ಯಾಲ ತರೂಣು."

"ಅಷ್ಟೊತ್ತಿಗೆ ನಿನ್ನ ಎದಿ ಉಳಿಯಾಂಗಿಲ್ಲ."

"ನೀ ಡಾಕ್ಟರ್ ಆಗಿರ್ತಿ. ಉಳಸ್ತಿ."

ನನಗೆ ಅವಳ ಮೇಲೆ ಕೂಗಾಡಲು ಆಗಲಿಲ್ಲ. ಬಾಗಲಕೋಟೆಗೆ ಹೋಗಿ ನೆಟ್ಟಗೆ ಅಧ್ಯಕ್ಷರ ಅಂಗಡಿಗೇ ನುಗ್ಗಿದೆ. ಅವ್ವನ ಎದೆ ಕೆಟ್ಟಿದೆ, ಗ್ಯಾಸಿನ ಮೇಲೆ ಅಡುಗೆ ಮಾಡಲು ಒಪ್ಪಿಗೆ ಕೊಡಿ ಎಂದು ಬೇಡಿಕೊಂಡೆ. ನನ್ನ ತಾಯಿ ಯಾವ ಒಲೆಯ ಮೇಲೆ ಅನ್ನ ಬೇಯಿಸಬೇಕು ಎಂದು ಬಟ್ಟೆ ವ್ಯಾಪಾರಿಯೊಬ್ಬನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳಿದೆ.

ಅವರಿಗೆ ಬೇಜಾರಾಯಿತು, ನಿಜವಾಗಿಯೇ ಬೇಜಾರಾಯಿತು. "ಛೇ ಛೇ, ನಾವೇನು ಗ್ಯಾಸ್ ಇಡಬ್ಯಾಡ್ರಿ ಅಂದೇವೇನವ್ವಾ? ಇಡ್ರಿ. ಆದ್ರ ಕಮಿಟಿಯವ್ರು ನೋಡಿದ್ರ ಏನಂತಾರ, ಅದನ್ನ ನಾ ಹೇಳಾಕ ಬರಾಂಗಿಲ್ಲ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ರೂಲ್ ಮಾಡಾಕ ಬರ್ತೈತೇನು?" ಆಮೇಲೆ ಸಮಾಧಾನ ಮಾಡಿದರು. "ಮುಂದಿನ ತಿಂಗಳ ನಮ್ಮದ ಫ್ರೀ ಹೆಲ್ತ್ ಕ್ಯಾಂಪ್ ಐತಿ. ಅವ್ವಾರನ್ನ ಕರಕೊಂಡ ಬಾ. ಎದಿ ತೋರಸೂಣು."

ಕೈ ತೊಳೆದುಕೊಳ್ಳುವ ಜಾಗ ಸಿಕ್ಕಿದ್ದರೆ ತೊಳೆದುಕೊಳ್ಳುತ್ತಿದ್ದೆ. ಹಾಸ್ಟೆಲ್ಲಿಗೆ ಬಂದು ಉಣ್ಣಲಿಲ್ಲ. ಮೆಸ್ಸಿನ ಅನ್ನ ಕೂಡ ಅವರದೇ ದುಡ್ಡಿನದು. ಮರುದಿನ ಉಂಡೆ. ಓದಬೇಕಲ್ಲ.

ಆ ಕೊನೆಯ ವರ್ಷ ನನಗೆ ಹೇಗೆ ಕಳೆಯಿತೋ ನೆನಪಿಲ್ಲ. ಅವ್ವನಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಕಳಿಸಿದೆ. ಅವಳು ಒಲೆ ಹಚ್ಚುವ ಮೊದಲು ಒಮ್ಮೆ, ಆರಿಸಿದ ಮೇಲೆ ಒಮ್ಮೆ ಎಳೆದುಕೊಳ್ಳುತ್ತಿದ್ದಳು. ಪಂಪು ಕೂಡ ಅವರ ಕಣ್ಣಿಗೆ ಬೀಳಬಾರದೆಂದು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದಳಂತೆ, ದುಬಾರಿ ಔಷಧಿ ತಗೊಳ್ಳುವವರು ಎಂದಾರು ಎಂದು.

ಪಾಸಾದೆ. ತರಬೇತಿಯ ವರ್ಷದ ಮೊದಲ ಸಂಬಳ ಕೈಗೆ ಬಂದ ದಿನ ಇಳಕಲ್ಲಿನ ಪೇಟೆಗೆ ಹೋಗಿ ಹೊಸ ಗ್ಯಾಸ್ ಒಲೆ ತಂದೆ. ಹಳೆಯದನ್ನು ನೀನೇ ಇಟ್ಟುಕೋ ಎಂದು ಚಿಗವ್ವನಿಗೆ ಹೇಳಿದೆ. ಕಟ್ಟಿಗೆ ಒಲೆಯನ್ನು ಒಡೆದು ಹಾಕುತ್ತೇನೆಂದರೆ ಅವ್ವ ಬಿಡಲಿಲ್ಲ, ನೀರು ಕಾಸಲು ಬೇಕು ಎಂದಳು. ಸರಿ ಎಂದೆ. ಇನ್ನು ಮುಗಿಯಿತು, ಎಲ್ಲ ಮುಗಿಯಿತು ಎಂದು ಅವಳಿಗೆ ಎಷ್ಟು ಸಲ ಹೇಳಿದೆನೋ.

ಒಂದು ಭಾನುವಾರ ನಾನು ಊರಲ್ಲಿದ್ದೆ. ಅಪ್ಪ ಕುರಿಗಳ ಹಿಂದೆ ಹೋಗಿದ್ದ. ಅವ್ವ ಒಳಗೆ ಗ್ಯಾಸಿನ ಮೇಲೆ ರೊಟ್ಟಿ ಮಾಡುತ್ತಿದ್ದಳು. ಬಾಗಿಲಿಗೆ ಕಾರು ಬಂದು ನಿಂತ ಸದ್ದಾಯಿತು. ಅಧ್ಯಕ್ಷರು, ಕಾರ್ಯದರ್ಶಿ. ಅವರ ಕೈಯಲ್ಲಿ ಈ ಸಲ ಶಾಲು, ಹಾರ, ಹಣ್ಣಿನ ಬುಟ್ಟಿ.

"ಡಾಕ್ಟರ್ ಮೇಡಮ್ಮಾರ, ನಮಸ್ಕಾರ್ರಿ," ಎಂದರು ಅಧ್ಯಕ್ಷರು. ಅಷ್ಟು ವರ್ಷ ನೀನು, ಬಾ, ಹೋಗು ಎಂದವರ ಬಾಯಲ್ಲಿ ಬಹುವಚನ ಸಲೀಸಾಗಿ ಬಂತು. ಅವರೇ ಕುರ್ಚಿ ಎಳೆದುಕೊಂಡು ಕೂತರು. "ನಮ್ಮ ಸಂಸ್ಥೆಯಿಂದ ಓದಿ ಹೊರಗ ಬಿದ್ದ ಮುತ್ತು ನೀವು. ಈ ವರ್ಷದಿಂದ ನೀವೂ ನಮ್ಮ ಕಮಿಟಿಯೊಳಗ ಇರಬೇಕ್ರಿ. ನಮ್ಮ ಜೋಡಿ ಮನಿ ನೋಡಾಕ ಬರ್ರಿ. ನಿಮ್ಮಂಥಾವ್ರು ಇದ್ರ ಖರೆ ಬಡವ್ರು ಯಾರು, ನಾಟಕ ಮಾಡೋರು ಯಾರು ತಟ್ಟನೆ ಗೊತ್ತಾಕ್ಕೈತಿ."

ನಾನು ಬಾಯಿ ತೆರೆದೆ. ಇಷ್ಟು ವರ್ಷ ನುಂಗಿದ್ದೆಲ್ಲ ಗಂಟಲಿಗೆ ಬಂದಿತ್ತು, ಒಂದನ್ನೂ ಉಳಿಸದೆ ಕಾರುವುದೆಂದು ನಿಂತೆ. ಅಷ್ಟರಲ್ಲಿ ಮೂಗಿಗೆ ಹೊಗೆಯ ವಾಸನೆ ಬಂತು. ಅಡುಗೆಮನೆಯ ಬಾಗಿಲಿನಿಂದ ದಟ್ಟ ಹೊಗೆ ಪಡಸಾಲೆಗೆ ಉರುಳುತ್ತಿತ್ತು.

ಒಳಗೆ ಓಡಿದೆ. ಹೊಸ ಗ್ಯಾಸ್ ಒಲೆಯ ಮೇಲೆ ಗೋಣಿಚೀಲ ಹೊದಿಸಿತ್ತು. ಅರೆಬೆಂದ ರೊಟ್ಟಿ ನೆಲದ ಮೇಲಿತ್ತು. ಅವ್ವ ಕಟ್ಟಿಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಸಿ ಕಟ್ಟಿಗೆ ತುರುಕಿ, ಊದುಗೊಳವೆಯಿಂದ ಊದುತ್ತಿದ್ದಳು. ಊದುವುದು, ಕೆಮ್ಮುವುದು, ಮತ್ತೆ ಊದುವುದು.

"ಅವ್ವಾ, ಬಿಡು. ಓದು ಮುಗೀತಲ್ಲ. ನಾ ಡಾಕ್ಟರ್ ಆಗೇನಿ," ಎಂದು ಅವಳ ಹೆಗಲು ಹಿಡಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಕಾರ್ಯದರ್ಶಿ ಬಂದು ನಿಂತಿದ್ದ, ಕೈಯಲ್ಲಿ ಮೊಬೈಲು. ಅವ್ವ ಹೊಗೆಯೊಳಗಿನಿಂದ ಅವನತ್ತ ಮುಖ ಎತ್ತಿದಳು.

"ಲಗೂನ ಫೋಟೋ ತಗೋರಿ ಸಾಹೇಬ್ರ," ಎಂದಳು. "ದಮ್ಮು ಹತ್ತಾಕತ್ತೈತಿ."

ಅವನು ತೆಗೆದುಕೊಂಡ.